ದೇವರಾಜಣ್ಣನ ಐವತ್ತಾರು ಎಂ.ಎಂ.

ದೇವರಾಜಣ್ಣನ ಬಗ್ಗೆ ಬರೆಯಬೇಕೆಂದು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಪ್ರೀತಿ ಆಮೇಲೆ ಬರುತ್ತದೆ, ಅದೂ ಗೊಣಗಿಕೊಂಡು. ಹದಿನಾಲ್ಕು ವರ್ಷದಿಂದ ಅವರು ಚಿತ್ರೀಕರಿಸಿದ ಮದುವೆಗಳನ್ನು ಕತ್ತರಿಸಿ ಜೋಡಿಸಿ ಕೊಡುವವಳು ನಾನು, ಶಿಲ್ಪಶ್ರೀ. ಮಂಡಿ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲ ಮಾರುವ ಅಂಗಡಿಯ ಮಹಡಿಯ ಮೇಲೆ ನನ್ನ ಕೋಣೆ. ಎರಡು ಕಂಪ್ಯೂಟರು, ಒಂದು ಫ್ಯಾನು, ಕೂತವರ ಬೆನ್ನು ಮುರಿಯುವ ಒಂದು ಬೆಂಚು. ಆ ಬೆಂಚಿನ ಮೇಲೆ ಕೂತು ದೇವರಾಜಣ್ಣ ಹೋದ ವರ್ಷ ಎರಡು ತಿಂಗಳು ನನ್ನ ತಲೆ ತಿಂದರು. ವಿಷಯ ಇಷ್ಟೇ: ಅವರ ಹೊಸ ಪುಟ್ಟ ಕ್ಯಾಮೆರಾಗೆ ಯಾವ ಲೆನ್ಸ್ ಹಾಕಬೇಕು.

ನಗಬೇಡಿ. ಆ ಪ್ರಶ್ನೆಗೆ ಇನ್ನೊಬ್ಬ ಮನುಷ್ಯನ ಹದಿಮೂರು ವರ್ಷದ ಸಂಕಟ ಅಂಟಿಕೊಂಡಿತ್ತು. ಅದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಈ ದೇವರಾಜಣ್ಣ ಯಾರು ಎಂಬುದು ಗೊತ್ತಾಗಬೇಕು.

ಹುಟ್ಟಿದ್ದು, ಬೆಳೆದದ್ದು, ಈಗಲೂ ಇರುವುದು ಹಿನಕಲ್‌ನಲ್ಲಿ. ಅವರಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಕಾರಿನ ಷೋರೂಮು ನಿಂತಿದೆ. ಹತ್ತೊಂಬತ್ತನೆಯ ವಯಸ್ಸಿಗೆ ಹೆಗಲ ಮೇಲೆ ದೊಡ್ಡ ವಿಡಿಯೋ ಕ್ಯಾಮೆರಾ ಹೊತ್ತವರು, ಐವತ್ತೈದರವರೆಗೂ ಇಳಿಸಲಿಲ್ಲ. ಆ ಕ್ಯಾಮೆರಾದ ನೆತ್ತಿಯ ಮೇಲೊಂದು ದೀಪ. ಅದರ ಬೆಳಕಿಗೆ ಮದುಮಗಳ ಪೌಡರು ಬೆವರಾಗಿ ಇಳಿಯುತ್ತಿತ್ತು. ಊಟದ ಪಂಕ್ತಿಗೂ ನುಗ್ಗುತ್ತಿದ್ದರು. ಯಾರು ತುತ್ತನ್ನು ಬಾಯಿಗಿಡುತ್ತಾರೋ ಸರಿಯಾಗಿ ಅವರ ಮುಂದೆ ನಿಲ್ಲುತ್ತಿದ್ದರು. ಬೈಸಿಕೊಂಡಿದ್ದಾರೆ, ಒಮ್ಮೆ ಯಾರೋ ಮಜ್ಜಿಗೆ ಎರಚಿದ್ದೂ ಉಂಟು.

ಆದರೆ ಅವರದೊಂದು ಪದ್ಧತಿ ಇತ್ತು. ಮದುವೆ ಒಪ್ಪಿಕೊಳ್ಳುವಾಗ ಮನೆಯವರಿಗೆ ಒಂದು ಷರತ್ತು ಹಾಕುತ್ತಿದ್ದರು: "ನೆಂಟ್ರ ಗುರ್ತು ಇರೋರು ಒಬ್ರುನ್ನ ನನ್ ಪಕ್ಕ ನಿಲ್ಸಿ." ಹೆಚ್ಚಾಗಿ ಯಾರಾದರೂ ಸೋದರತ್ತೆಯೋ ದೊಡ್ಡಮ್ಮನೋ ಬಂದು ನಿಲ್ಲುತ್ತಿದ್ದರು. ಧಾರೆಯ ಹೊತ್ತಿಗೆ ಆ ಹೆಂಗಸು ದೇವರಾಜಣ್ಣನ ಭುಜ ತಟ್ಟಿ ತಟ್ಟಿ ಹೇಳುವುದು: "ಇವ್ರು ಹುಡುಗಿ ದೊಡ್ಡಪ್ಪ, ತಕ್ಕೊಳಿ. ಅಗೋ ಕಂಬದ ಹತ್ರ ನಿಂತವ್ರೆ, ಅವ್ರು ಮಾವನ ಕಡೆ, ಬುಡ್ಬೇಡಿ." ಇವರನ್ನು ದೇವರಾಜಣ್ಣ 'ಭುಜ ತಟ್ಟೋರು' ಎಂದು ಕರೆಯುತ್ತಿದ್ದರು. ಊರ ಕಡೆಯ ಮದುವೆಯಲ್ಲಿ ಧಾರೆಗೆ ಹಾಲು ಎರೆಯಲು ಯಾರು ಬಂದರು, ಯಾರು ಬರಲಿಲ್ಲ ಎಂಬುದು ಸಣ್ಣ ವಿಷಯವಲ್ಲ. ಅದಕ್ಕೆ ಸಾಕ್ಷಿ ಇವರ ಕ್ಯಾಸೆಟ್ಟು. ನೋಡಲು ಚೆಂದವೇನೂ ಇರಲಿಲ್ಲ, ಆದರೆ ಅದರಲ್ಲಿ ಯಾರೂ ಬಿಟ್ಟುಹೋಗುತ್ತಿರಲಿಲ್ಲ.

ಒಮ್ಮೆ ಶಿವನಂಜಮ್ಮ ಅಂತ ಒಬ್ಬರು ನನ್ನ ಕೋಣೆಗೆ ಹುಡುಕಿಕೊಂಡು ಬಂದರು. ತೀರಿಹೋದ ಗಂಡ ಯಾರದೋ ಮದುವೆಯಲ್ಲಿ ಪಾಯಸ ಕುಡಿದದ್ದು ದೇವರಾಜಣ್ಣನ ವಿಡಿಯೋದಲ್ಲಿದೆ ಎಂದು ಯಾರೋ ಹೇಳಿದ್ದರಂತೆ. ಹುಡುಕಿ ಕೊಟ್ಟೆ. ಎಂಟು ಸೆಕೆಂಡು. ಆ ಮನುಷ್ಯ ಮೀಸೆ ಒರೆಸಿಕೊಂಡು ಕ್ಯಾಮೆರಾ ನೋಡಿ ನಾಚುತ್ತಾರೆ, ಅಷ್ಟೇ. ಶಿವನಂಜಮ್ಮ ಅದನ್ನು ಫೋನಿಗೆ ಹಾಕಿಸಿಕೊಂಡು ಮೆಟ್ಟಿಲಿಳಿದು ಹೋದರು. ದೇವರಾಜಣ್ಣನ ಕೆಲಸ ಅಂದರೆ ಅದು.

ಹೀಗಿದ್ದವರು ಕೆಟ್ಟದ್ದು ಒಂದು ಮಾತಿನಿಂದ. ಎರಡು ವರ್ಷದ ಹಿಂದೆ ಒಂದು ಮದುವೆಯ ವಿಡಿಯೋ ಕೊಡಲು ಹೋದಾಗ ಮದುಮಗನ ತಂಗಿ ಟೀವಿ ಮುಂದೆ ಕೂತು, "ಏನ್ ಅಂಕಲ್ ಇದು, ಬಸ್‌ಸ್ಟ್ಯಾಂಡ್ ಸಿಸಿಟಿವಿ ಥರ ಇದೆ" ಎಂದಳಂತೆ. ಮನೆಯವರೆಲ್ಲ ನಕ್ಕರಂತೆ. ದೇವರಾಜಣ್ಣ ನಗಲಿಲ್ಲ. ಆ ಹೊತ್ತಿಗಾಗಲೇ ನಾಗಾರ್ಜುನ ಎಂಬ ಹುಡುಗ ನಾಲ್ಕು ಜನರ ತಂಡ ಕಟ್ಟಿಕೊಂಡು ಹಿನಕಲ್ ಸುತ್ತಮುತ್ತಲ ಮದುವೆಗಳನ್ನೆಲ್ಲ ಎತ್ತಿಕೊಳ್ಳುತ್ತಿದ್ದ. ಅವನ ವಿಡಿಯೋಗಳಲ್ಲಿ ಮದುಮಗಳ ಕಣ್ರೆಪ್ಪೆ ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ, ಹಿಂದಿರುವ ಜಗತ್ತೆಲ್ಲ ಕರಗಿ ಬಣ್ಣಬಣ್ಣದ ಉಂಡೆಗಳಾಗಿರುತ್ತದೆ. ಜನ ಅದಕ್ಕೆ 'ಸಿನಿಮ್ಯಾಟಿಕ್' ಎನ್ನುತ್ತಾರೆ. ದೇವರಾಜಣ್ಣ ಹಳೆಯ ಕ್ಯಾಮೆರಾವನ್ನು ಮಾರಿ, ಅಂಗೈ ಮೇಲೆ ಕೂರುವಂಥ ಒಂದು ಪುಟ್ಟ ಕ್ಯಾಮೆರಾ ತಂದರು. ತಂದು ಬೆಂಚಿನ ಮೇಲೆ ಇಟ್ಟು, "ನೋಡು ಶಿಲ್ಪ, ಇದ್ರಲ್ಲೂ ಅಂಗೇ ಬತ್ತದಂತೆ. ಲೆನ್ಸ್ ಒಂದು ಸರಿಯಾಗಿ ಹಾಕ್ಬೇಕಂತೆ ಅಷ್ಟೇಯ" ಎಂದರು. ಆ 'ಅಷ್ಟೇಯ' ನನ್ನ ಎರಡು ತಿಂಗಳು ನುಂಗಿತು.

ಅದೇ ಸಮಯಕ್ಕೆ ಕಾಳಯ್ಯ ಬಂದರು.

ಕಾಳಯ್ಯ ದೇವರಾಜಣ್ಣನ ಓರಗೆಯವರು, ಒಂದೇ ಶಾಲೆ, ಒಂದೇ ಬೀದಿ. ಸಿಟಿ ಬಸ್ಸಿನ ಕಂಡಕ್ಟರ್ ಕೆಲಸ ಬೆನ್ನುನೋವಿಗೆಂದು ಆಗಷ್ಟೇ ಬಿಟ್ಟಿದ್ದರು. ಜೊತೆಗೆ ಮಗಳು ಗಗನ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಚುರುಕಿನ ಹುಡುಗಿ. ಮದುವೆ ಅವಳದೇ. ಅವಳಿಗೆ ನಾಗಾರ್ಜುನನ ತಂಡ ಬೇಕಿತ್ತು, ಅಪ್ಪನ ಹಟಕ್ಕೆ ಇಲ್ಲಿಗೆ ಬಂದಿದ್ದಳು. ಫೋನಿನಲ್ಲಿ ನಾಗಾರ್ಜುನನ ಒಂದು ರೀಲ್ಸ್ ತೋರಿಸಿ, "ಇದೇ ಥರ ಬರತ್ತಾ ಅಂಕಲ್? ಹಿಂದೆ ಎಲ್ಲ ಬ್ಲರ್ ಆಗ್ಬೇಕು. ಚೇರು, ಬಕೀಟು, ಹಲ್ಲಿಗೆ ಕಡ್ಡಿ ಹಾಕ್ಕೊಂಡ್ ನಿಂತಿರೋರು ಯಾರೂ ಕಾಣ್ಬಾರ್ದು" ಎಂದಳು.

"ಬತ್ತದೆ ಕಣವ್ವ, ನೋಡ್ತಿರು" ಎಂದರು ದೇವರಾಜಣ್ಣ.

ಗಗನ ಕೆಳಗಿಳಿದು ಹೋದ ಮೇಲೆ ಕಾಳಯ್ಯ ಬೆಂಚಿನಿಂದ ಏಳಲಿಲ್ಲ. ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ದ್ಯಾವ್ರಾಜ, ನಮ್ಮಣ್ಣಂಗೂ ಕಾಗ್ದ ಕೊಟ್ಟು ಬಂದಿವ್ನಿ. ಬಾಗ್ಲಲ್ಲೇ ಇಸ್ಕಂಡ. ಒಳೀಕ್ ಬಾ ಅನ್ಲಿಲ್ಲ. ಬತ್ತೀನಿ ಅಂತಲೂ ಅನ್ಲಿಲ್ಲ."

ಅಣ್ಣ ಅಂದರೆ ಸಣ್ಣಮಾದಯ್ಯ. ಕಾಳಯ್ಯನಿಗಿಂತ ಹದಿನೈದು ವರ್ಷ ದೊಡ್ಡವರು, ಅಪ್ಪನ ಹಾಗೆ ಸಾಕಿದವರು. ಹಿನಕಲ್ ಹೊಲಗಳೆಲ್ಲ ಬಡಾವಣೆಯಾಗುವಾಗ ಇವರ ತುಂಡು ಹೊಲದ ಬದುವಿನಲ್ಲಿ ಅವರವ್ವನನ್ನು ಮಣ್ಣು ಮಾಡಿದ ಜಾಗವಿತ್ತು. ಅಷ್ಟನ್ನು ಬಿಟ್ಟುಕೊಡುವುದು ಬೇಡ ಎಂದರು ಅಣ್ಣ. ಕಾಳಯ್ಯ ತನ್ನ ಭಾಗಕ್ಕೆ ಸಹಿ ಹಾಕಿಬಿಟ್ಟರು. ಅವ್ವನ ಮೇಲೆ ಈಗ ನಲವತ್ತಡಿ ರಸ್ತೆ. ಸಣ್ಣಮಾದಯ್ಯ ಅಂದೇ ಮನೆ ಬಿಟ್ಟು ಹೆಂಡತಿಯ ಊರು, ನರಸೀಪುರದ ಕಡೆಗೆ ಹೋದರು. ಈ ಕಾಗದ ಕೊಡಲು ಹೋದ ದಿನದವರೆಗೂ, ಹದಿಮೂರು ವರ್ಷ, ತಮ್ಮನ ಮುಖ ನೋಡಿರಲಿಲ್ಲ.

"ಅವ್ನೇನಾದ್ರೂ ಬಂದು ಧಾರೆಗೆ ಹಾಲು ಎರದ್ರೆ," ಎಂದರು ಕಾಳಯ್ಯ, "ಅವ್ನ ಮೊಖ ಬರ್ಬೇಕು ಕಣಪ್ಪಾ. ಬೇರೆ ಏನ್ ಬುಟ್ರೂ ಬುಡು."

"ನಮ್ ಸಣ್ಣಮಾದಣ್ಣನ್ನ ಬುಟ್ಬುಟ್ಟೇನ್ಲಾ? ಅವ್ರ ಹೆಗಲ ಮ್ಯಾಲೆ ಕೂತು ಜಾತ್ರೆ ನೋಡಿವ್ನಿ ನಾನೂವೆ" ಎಂದರು ದೇವರಾಜಣ್ಣ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಈಗ ನೋಡಿ ಸಮಸ್ಯೆ. ಮಗಳಿಗೆ ಹಿಂದಿನವರು ಯಾರೂ ಕಾಣಬಾರದು. ಅಪ್ಪನಿಗೆ ಹಿಂದೆ ನಿಲ್ಲುವ ಒಬ್ಬರ ಮುಖ ಕಾಣಲೇಬೇಕು. ಇರುವುದು ಒಂದು ಕ್ಯಾಮೆರಾ. ಧಾರೆಯ ನಡುವೆ ಲೆನ್ಸ್ ಕಳಚಿ ಇನ್ನೊಂದು ಹಾಕುತ್ತ ಕೂರಲು ಮುಹೂರ್ತ ನಿಲ್ಲುವುದಿಲ್ಲ. ಒಂದೇ ಲೆನ್ಸ್ ಆರಿಸಬೇಕು.

ಕ್ಯಾಮೆರಾದ ಡಬ್ಬದಲ್ಲೇ ಬಂದ ಒಂದು ಲೆನ್ಸ್ ಇತ್ತು. ಹತ್ತಿರ, ದೂರ ಎರಡಕ್ಕೂ ತಿರುಗಿಸಬಹುದಾದದ್ದು. ಅದರಲ್ಲಿ ಮಂಟಪವೆಲ್ಲ ಹಿಡಿಯುತ್ತದೆ, ಎಲ್ಲರ ಮುಖವೂ ಬರುತ್ತದೆ, ಆದರೆ ಛತ್ರದ ಮಂಕು ಬೆಳಕಿಗೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಇನ್ನೊಂದು ಬಾಡಿಗೆಗೆ ತಂದ ಮೂವತ್ತೈದು ಎಂ.ಎಂ.ನದು, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮೂರನೆಯದು ಐವತ್ತಾರು. ಅದರ ಬಾಯಿ ದೊಡ್ಡದು, ಬೆಳಕನ್ನು ಗಟಗಟ ಕುಡಿಯುತ್ತದೆ, ಮುಖ ಒಂದು ಸ್ಪಷ್ಟವಾಗಿ ನಿಂತು ಹಿಂದುಮುಂದಿನದೆಲ್ಲ ಕರಗಿಹೋಗುತ್ತದೆ. ನಾಗಾರ್ಜುನನ ಗುಟ್ಟು ಇದೇ ಎಂದು ದೇವರಾಜಣ್ಣ ಯೂಟ್ಯೂಬಿನಲ್ಲಿ ಪತ್ತೆ ಮಾಡಿದ್ದರು. ಯೂಟ್ಯೂಬಿನಲ್ಲಿ ಅವರು ಪತ್ತೆ ಮಾಡದ್ದೇ ಇರಲಿಲ್ಲ. ಒಬ್ಬ ಮೂವತ್ತೈದೇ ಸಾಕು ಎನ್ನುತ್ತಾನೆ, ಇನ್ನೊಬ್ಬ ಅದನ್ನು ಕೊಂಡವರು ಅಳುತ್ತಾರೆ ಎನ್ನುತ್ತಾನೆ. ಆ ಯೂಟ್ಯೂಬಿನವರು ತೋರಿಸುವುದೆಲ್ಲ ಯಾವುದೋ ದೇಶದ ಕಾಫಿ ಲೋಟ, ಯಾವುದೋ ಸಮುದ್ರ ತೀರದಲ್ಲಿ ಕೂದಲು ಹಾರಿಸುವ ಹುಡುಗಿ. ಆರುನೂರು ಜನ ನೂಕಾಡುವ ಧಾರೆಯನ್ನು ಅವರಲ್ಲಿ ಒಬ್ಬನೂ ನೋಡಿದವನಲ್ಲ. ಇದನ್ನು ಹೇಳಿದರೆ ದೇವರಾಜಣ್ಣನಿಗೆ ಕೋಪ.

"ನಿಂಗೆ ಗೊತ್ತಾಗಕ್ಕಿಲ್ಲ ಕಣಮ್ಮ, ನೀನು ಎಡಿಟಿಂಗು."

ಎಡಿಟಿಂಗ್ ಮಾಡುವವಳಿಗೇ ಗೊತ್ತಾಗುವುದು. ಕೆಟ್ಟದ್ದೆಲ್ಲ ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ.

ನಜರ್‌ಬಾದಿನಲ್ಲಿ ಲಕ್ಷ್ಮೀನರಸಿಂಹ ಎಂಬ ನಿವೃತ್ತ ಮೇಷ್ಟ್ರಿದ್ದಾರೆ. ತಾತ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ, ಇವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವರು. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು. ಬೂಷ್ಟು ಬರಬಾರದೆಂದು ಲೆನ್ಸುಗಳನ್ನು ಗಾಳಿಯಾಡದ ಸ್ಟೀಲ್ ಡಬ್ಬಗಳಲ್ಲಿ, ತೇವ ಹೀರುವ ಪೊಟ್ಟಣಗಳ ಜೊತೆ ಇಟ್ಟಿದ್ದರು. ಅಡುಗೆಮನೆಯ ಷೆಲ್ಫಿನಲ್ಲಿ ಮೆಂತ್ಯ, ಸಾಸಿವೆ, ಐವತ್ತಾರು ಎಂ.ಎಂ. ಕೇಳಿದವರಿಗೆ ಎರವಲು ಕೊಡುತ್ತಾರೆ, ಜೊತೆಗೆ ಒಂದು ಗಂಟೆ ಪಾಠವನ್ನೂ. ನನ್ನನ್ನೂ ಎಳೆದುಕೊಂಡು ಹೋಗಿದ್ದರು ದೇವರಾಜಣ್ಣ.

"ನೋಡಿ ದೇವರಾಜು, ಲೆನ್ಸ್ ಯಾವುದು ಒಳ್ಳೇದು ಅಂತ ಕೇಳ್ಬೇಡಿ" ಎಂದರು ಮೇಷ್ಟ್ರು ಕನ್ನಡಕ ಒರೆಸುತ್ತ. "ನಿಮಗೆ ಯಾರನ್ನ ನೋಡ್ಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಇದು ಒಬ್ಬರನ್ನ ತೋರಿಸತ್ತೆ, ಉಳಿದವರನ್ನ ಅಳಿಸತ್ತೆ. ಒಬ್ಬರಿಗಿಂತ ಇನ್ನೊಬ್ಬರು ಒಂದು ಮೊಳ ಹಿಂದೆ ನಿಂತ್ರೂ ಸಾಕು, ಹೋಯ್ತು. ಇದನ್ನೇ ಹಾಕ್ತೀರ ಅಂದ್ರೆ ಬೆಳಕು ಬರೋ ಕಂಡಿಯನ್ನ ಪೂರ್ತಿ ತೆಗೀಬೇಡಿ. ನಾಲ್ಕನೇ ನಂಬರಿಗೆ ಇಳಿಸ್ಕೊಳಿ, ಹಿಂದಿನವರ ಮುಖವೂ ಉಳಿಯತ್ತೆ. ಸ್ವಲ್ಪ ಕಾಳುಕಾಳು ಬರತ್ತೆ, ಬರಲಿ."

ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ದೇವರಾಜಣ್ಣ "ಸರಿ ಸಾರ್, ಆಯ್ತು ಸಾರ್" ಎಂದು ತಲೆಯಾಡಿಸಿ ಐವತ್ತಾರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು.

ಬಂದವರೇ ಅದನ್ನು ನನ್ನ ಮೇಲೆ ಪ್ರಯೋಗಿಸಿದರು. ಪರದೆಯ ಮೇಲೆ ನನ್ನ ಮೂಗು ಸ್ಪಷ್ಟವಾಗಿತ್ತು, ಕಿವಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಆಮೇಲೆ ಕಿಟಕಿಯಿಂದ ಕೆಳಗೆ ಮೂಟೆ ಹೊರುವ ಒಬ್ಬರನ್ನು ಹಿಡಿದರು. ಆ ಮನುಷ್ಯ ಬೆವರು ಒರೆಸಿಕೊಂಡು ತಿರುಗಿ ನೋಡಿದ. ಹಿಂದಿದ್ದ ಲಾರಿ, ಹಗ್ಗದ ಸುರುಳಿಗಳು, ಹಸಿರು ಟಾರ್ಪಾಲು, ಎಲ್ಲ ಕರಗಿ ಬಣ್ಣದ ನೀರಾಗಿದ್ದವು. ಹದಿನಾಲ್ಕು ವರ್ಷ ಕಿಟಕಿಯಿಂದ ನೋಡಿದ ಬೀದಿ ಅದು, ಅಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ. ದೇವರಾಜಣ್ಣ ಅದನ್ನು ಐದು ಸಲ ಹಾಕಿ ನೋಡಿದರು. ಕಣ್ಣು ತೇವವಾಗಿತ್ತು.

"ನನ್ ಕೈಲೂ ಆಯ್ತದಲ್ಲಮ್ಮ" ಎಂದರು.

ಆ ಹುಡುಗಿಯ ಸಿಸಿಟಿವಿ ಮಾತು ಇವರೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಅವತ್ತು ಗೊತ್ತಾಯಿತು. ಆದರೂ ಹೇಳಿದೆ. "ದೇವರಾಜಣ್ಣ, ಇದು ರೀಲ್ಸ್‌ಗೆ ಸರಿ. ಧಾರೆಗೆ ಡಬ್ಬದಲ್ಲಿ ಬಂದದ್ದನ್ನೇ ಹಾಕಿ. ಕಾಳುಕಾಳಾದ್ರೆ ನಾನು ಸರಿ ಮಾಡ್ತೀನಿ. ಮಂಜಾದ್ರೆ ನಾನಲ್ಲ, ಯಾರಪ್ಪನ ಕೈಲೂ ಆಗಲ್ಲ."

ಒಪ್ಪಿದರು. ಮರುದಿನ ಬಂದು ಮೂವತ್ತೈದು ಎಂದರು. ಅದರ ಮರುದಿನ ಹಳೇ ಫಿಲಂ ಕ್ಯಾಮೆರಾದ ಲೆನ್ಸಿಗೆ ಬಳೆಯಂಥ ಒಂದು ಜೋಡಣೆ ಹಾಕಿದರೆ ಇದಕ್ಕೂ ಕೂರುತ್ತದಂತೆ ಎಂದರು. ವಾರ ಬಿಟ್ಟು ಮತ್ತೆ ಐವತ್ತಾರು. ಗಗನ ನಡುವೆ ನಡುವೆ ರೀಲ್ಸ್ ಕಳಿಸುತ್ತಿದ್ದಳು, ಅದನ್ನು ನೋಡಿದಾಗಲೆಲ್ಲ ಇವರ ಮನಸ್ಸು ಹೊಯ್ದಾಡುತ್ತಿತ್ತು. ಮದುವೆಗೆ ನಾಲ್ಕು ದಿನ ಇರುವಾಗ, ನಾನು ಇನ್ಯಾರದೋ ನಾಮಕರಣದ ಕೆಲಸ ಮುಗಿಸಲು ಒದ್ದಾಡುತ್ತಿರುವಾಗ, ಬೆಂಚಿನ ಮೇಲೆ ಮೂರೂ ಲೆನ್ಸುಗಳನ್ನು ಸಾಲಾಗಿಟ್ಟು, "ಕೊನೇದಾಗಿ ನೀನೇ ಹೇಳ್ಬುಡಮ್ಮ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಐವತ್ತಾರೇ ತಗೊಂಡ್ಹೋಗಿ. ಯಾವ್ದಾದ್ರೂ ಹಾಳಾದ್ದನ್ನ ತಗೊಂಡ್ಹೋಗಿ. ನನ್ನ ತಲೆ ತಿನ್ಬೇಡಿ" ಎಂದು ಕೂಗಿಬಿಟ್ಟೆ. ಅವರು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಎದ್ದರು. ಈ ಒಂದು ಮಾತನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಮದುವೆಗೆ ನಾನು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ದೇವರಾಜಣ್ಣ ಮೆಮೊರಿ ಕಾರ್ಡುಗಳನ್ನು ತಂದು ನನ್ನ ಕೈಗಿಟ್ಟರು. ಮುಖ ಅರಳಿತ್ತು. "ನೋಡ್ತಿರು, ಟಿಫನ್ ಮಾಡ್ಕಂಡ್ ಬತ್ತೀನಿ" ಎಂದು ಇಳಿದು ಹೋದರು. ಅವರು ಹೋದ ಐದು ನಿಮಿಷಕ್ಕೆ ಕಾಳಯ್ಯನ ಫೋನು.

"ಶಿಲ್ಪಮ್ಮ, ನಮ್ಮಣ್ಣ ಬಂದಿದ್ದ ಕಣಮ್ಮ!" ಎಂದರು. "ನಮ್ ತಂಗಿ ಗಂಡ ಎರದ್ನಲ್ಲ, ಅವ್ನ್ ಹಿಂದೇನೇ ಬಂದ. ಎರದು, ಪಕ್ಕದ ಬಾಗ್ಲಲ್ಲಿ ಹೊಂಟೋದ. ಊಟಕ್ಕೂ ನಿಲ್ಲಲಿಲ್ಲ. ಮಧ್ಯಾಹ್ನ ಬತ್ತೀನಿ, ಅಷ್ಟೊಂದು ತೋರ್ಸಮ್ಮ, ಬೇರೇದು ನಿಧಾನಕ್ ಆಗ್ಲಿ."

ನಾನು ಕಾರ್ಡು ಹಾಕಿದೆ. ತಂಗಿಯ ಗಂಡ ಬಂದರು, ಅಂದರೆ ಅವರ ಕೈ ಬಂತು. ಚೆಂಬು ಬಂತು. ಕೂಡಿಸಿದ ಕೈಗಳ ಮೇಲಿನ ತೆಂಗಿನಕಾಯಿ ಒಂದೊಂದು ನಾರು ಎಣಿಸುವಷ್ಟು ಸ್ಪಷ್ಟ. ಹಾಲು ನಿಧಾನಗತಿಯಲ್ಲಿ ದಾರದಂತೆ ಇಳಿದು, ಕಾಯಿಯ ಮೇಲೆ ಒಡೆದು, ಹನಿಹನಿಯಾಗಿ ಸಿಡಿಯಿತು. ನಿಜ ಹೇಳಬೇಕು, ನನ್ನ ಹದಿನಾಲ್ಕು ವರ್ಷದಲ್ಲಿ ಅಂಥ ಚೆಂದದ ಚಿತ್ರ ಈ ಕೋಣೆಗೆ ಬಂದಿರಲಿಲ್ಲ. ಆಮೇಲೆ ಇನ್ನೊಂದು ಕೈ. ಮುದಿ ಕೈ, ಮಣಿಕಟ್ಟಿನಲ್ಲಿ ತಾಮ್ರದ ಕಡಗ. ಉಗುರಿನ ಬಿರುಕೂ ಕಾಣುತ್ತಿತ್ತು. ಅದರ ಹಿಂದೆ ಮುಖ ಇರಬೇಕಾದ ಕಡೆ ಗೋಧಿ ಬಣ್ಣದ ಒಂದು ದುಂಡನೆ ಮಂಜು, ಅದರ ಮೇಲೆ ಪೇಟದ ಬಿಳಿ ಮಂಜು. ಕೈ ಹಿಂದಕ್ಕೆ ಸರಿಯಿತು. ಮಂಜೂ ಸರಿಯಿತು. ಹುಡುಗನ ಕಡೆಯ ಹೆಂಗಸೊಬ್ಬಳ ಬಳೆ ತುಂಬಿದ ಕೈ ಬಂತು.

ಹಿಂದಕ್ಕೆ ಹಾಕಿದೆ, ಮುಂದಕ್ಕೆ ಹಾಕಿದೆ, ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿದೆ. ಆ ಮುಖ ಎಲ್ಲಿಯೂ ಇರಲಿಲ್ಲ.

ದೇವರಾಜಣ್ಣ ಬಾಯಿ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದರು. "ಎಂಗ್ ಬಂದದೆ? ಹಾಲಿನ ಶಾಟ್ ನೋಡ್ದಾ?"

"ಇದು ಯಾರ ಕೈ ದೇವರಾಜಣ್ಣ?"

ಬಗ್ಗಿ ನೋಡಿದರು. "ಯಾರೋ ವಯಸ್ಸಾದೋರು. ಯಾರು?"

"ಸಣ್ಣಮಾದಯ್ಯ."

ಅವರು ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಮೇಷ್ಟ್ರು ಅಷ್ಟು ಬಡಕೊಂಡರಲ್ಲ, ನಾಲ್ಕಕ್ಕೆ ಇಳಿಸಿ ಎಂದರಲ್ಲ, ಭುಜ ತಟ್ಟೋರು ಎಲ್ಲಿ ಸತ್ತಿದ್ದರು ಎಂದು ಕೇಳಿದೆ. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು.

"ನಾಲ್ಕಕ್ಕೇ ಇಟ್ಟಿದ್ದೆ ಕಣಮ್ಮ. ಹಿಂದಿನ ದಿವ್ಸ ಅರಿಶಿನದ ಶಾಟು ಗಗನಂಗೆ ತೋರ್ಸ್ದೆ. ಹಿಂದೆ ಚೇರೆಲ್ಲ ಕಾಣ್ತವೆ ಅಂಕಲ್ ಅಂದು ಮೊಖ ಸಣ್ಣ ಮಾಡ್ಕಂಡ್ಳು. ಮದ್ವೆ ಹುಡ್ಗಿ. ಪೂರ್ತಿ ತೆಗ್ದುಬುಟ್ಟೆ. ಭುಜ ತಟ್ಟುದ್ರೆ ಈ ಲೆನ್ಸಲ್ಲಿ ಎಲ್ಲ ಅಲ್ಲಾಡ್ತದೆ, ಅದ್ಕೆ ಯಾರೂ ಬ್ಯಾಡ ಅಂದ್ಬುಟ್ಟೆ." ಪರದೆಯ ಕಡೆಗೆ ಬೆರಳು ಮಾಡಿ, "ಕೈ ಬಂತು, ಹಾಲು ಬಂತು. ಎಷ್ಟ್ ಚೆಂದ ಬತ್ತಾ ಅದೆ ಅಂದ್ಕಂಡೆ. ಯಾರ್ ಕೈ ಅಂತ ನೋಡ್ಲೇ ಇಲ್ಲ" ಎಂದರು.

ಮೂವತ್ತಾರು ವರ್ಷ ಗುರುತಿಲ್ಲದ ನೆಂಟರ ಮುಖಗಳನ್ನೂ ಬಿಡದೆ ಹಿಡಿದ ಮನುಷ್ಯ, ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡವರು ಐದಡಿ ಮುಂದೆ ನಿಂತರೂ ನೋಡಲಿಲ್ಲ.

ಫೋಟೋ ತೆಗೆಯುವವನಿಗೆ ಫೋನ್ ಮಾಡಿದೆ. ಅವನು ಆ ಗಳಿಗೆಯಲ್ಲಿ ಎದುರು ಬದಿಯಲ್ಲಿದ್ದನಂತೆ, ಅವನ ಚಿತ್ರದಲ್ಲಿ ಪೇಟದ ಹಿಂಭಾಗವಿತ್ತು. ಗಗನಳಿಗೆ ಹೇಳಿ ನೆಂಟರ ಫೋನುಗಳಲ್ಲಿದ್ದ ತುಣುಕುಗಳನ್ನೆಲ್ಲ ತರಿಸಿಕೊಂಡೆ. ಹನ್ನೊಂದು ಬಂದವು. ಹನ್ನೊಂದರಲ್ಲೂ ಗಗನಳ ಮುಖ ಮಾತ್ರ. ಆ ಹುಡುಗಿಗೆ ಕಾರಣ ತಿಳಿದಾಗ, "ಅಪ್ಪ ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಅತ್ತಳು. ಯಾರೂ ಅವಳಿಗೆ ಹೇಳಿರಲಿಲ್ಲ, ಅದು ನಿಜ. ನಾನಾದರೂ ಹೇಳಬಹುದಿತ್ತು.

ಕೊನೆಗೆ ಮುಖಗಳನ್ನು ಸ್ಪಷ್ಟ ಮಾಡಿಕೊಡುವ ಹೊಸ ಸಾಫ್ಟ್‌ವೇರೊಂದಕ್ಕೆ ಆ ಚೌಕಟ್ಟನ್ನು ಕೊಟ್ಟು ನೋಡಿದೆ. ಎರಡು ನಿಮಿಷ ತಿರುಗಿ ತಿರುಗಿ ಒಂದು ಮುಖ ಕೊಟ್ಟಿತು. ಮೂಗು, ಕಣ್ಣು, ನರೆತ ಮೀಸೆ, ತುಟಿಯಲ್ಲಿ ಒಂದು ತೆಳು ನಗು ಕೂಡ. ದೇವರಾಜಣ್ಣ ಅದನ್ನು ಬಹಳ ಹೊತ್ತು ನೋಡಿದರು.

"ಇವ್ರು ಸಣ್ಣಮಾದಣ್ಣ ಅಲ್ಲ. ಇವ್ರ್ಯಾರೋ. ಅಳ್ಸಾಕ್ಬುಡು" ಎಂದರು. ಅಳಿಸಿ ಹಾಕಿದೆ.

ಮಧ್ಯಾಹ್ನ ಕಾಳಯ್ಯ ಬಂದರು. ಕೈಯಲ್ಲಿ ಮದುವೆ ಮನೆಯ ಲಾಡಿನ ಪೊಟ್ಟಣ. ದೇವರಾಜಣ್ಣ ಎದ್ದು ನಿಂತು, "ಕಾಳ, ನನ್ನಿಂದ ತಪ್ಪಾಗೋಯ್ತು ಕಣ್ಲಾ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಕಾಳಯ್ಯ ಲಾಡಿನ ಪೊಟ್ಟಣವನ್ನು ಕೀಬೋರ್ಡಿನ ಪಕ್ಕ ಇಟ್ಟು ಬೆಂಚಿನ ಮೇಲೆ ಕೂತರು.

"ನೀವು ಅಲ್ಲೇ ಇದ್ರಲ್ಲ ಕಾಳಯ್ಯಣ್ಣ, ಕಾಯಿ ಕೆಳಗೆ ಕೈ ಹಿಡ್ಕೊಂಡು. ನೀವಾದ್ರೂ ನೋಡಿದ್ರಲ್ಲ ಮುಖ?" ಎಂದೆ. ಸಮಾಧಾನಕ್ಕೆಂದು ಹೇಳಿದ್ದು ನಾನು.

"ಇಲ್ಲ ಕಣವ್ವ." ಅವರು ಟವೆಲ್ಲು ಮಡಿಸತೊಡಗಿದರು. "ಕಾಲು ನೋಡ್ದೆ. ಕಡಗ ನೋಡ್ದೆ. ಅಣ್ಣನೇ ಅಂತ ಗೊತ್ತಾಯ್ತು. ತಲೆ ಎತ್ತಕ್ಕೆ ಧೈರ್ಯ ಆಗ್ಲಿಲ್ಲ. ಹೆಂಗೂ ದ್ಯಾವ್ರಾಜ ಹಿಡೀತಾ ಅವ್ನಲ್ಲ, ವಿಡಿಯೋದಲ್ಲಿ ನೋಡ್ಕಂಡ್ರಾಯ್ತು ಅಂದ್ಕಂಡೆ."

ಕೆಳಗೆ ಲಾರಿಯಿಂದ ಮೂಟೆ ಬಿತ್ತು, ಮೇಜು ಅಲುಗಿತು.

"ಮನ್ಸಾರೆ ಬಂದಿದ್ನೋ, ಊರೋರ ಬಾಯಿಗೆ ಹೆದ್ರಿ ಬಂದಿದ್ನೋ," ಎಂದರು. "ಉಣ್ಣದೆ ಹೊಂಟೋದ್ನಲ್ಲ. ಮೊಖ ನೋಡಿದ್ರೆ ಗೊತ್ತಾಗದು."

"ನಡೀಲಾ, ಈಗ್ಲೇ ಹೋಗುವ" ಎಂದರು ದೇವರಾಜಣ್ಣ. "ಗಾಡಿ ಕೆಳಗದೆ. ನರಸೀಪುರ ಎಷ್ಟ್ ದೂರ? ಕೇಳ್ಬುಡುವ."

"ಏನಂತ ಕೇಳ್ಲಿ? ಹಾಲು ಎರೀವಾಗ ನಿನ್ ಮೊಖ ಎಂಗಿತ್ತಣ್ಣ ಅಂತ ಕೇಳ್ಲಾ?"

ಹದಿಮೂರು ವರ್ಷ ತಲೆ ತಗ್ಗಿಸಿ ಬದುಕಿದವರಿಗೆ ತಲೆ ಎತ್ತಲು ಒಂದು ಗಳಿಗೆ ಸಿಕ್ಕಿತ್ತು. ಅದನ್ನು ಅವರು ನಂಬಿ ನಮ್ಮ ಕೈಗೆ ಕೊಟ್ಟಿದ್ದರು. ಯಾವ ಲೆನ್ಸಿನ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅದು ತನ್ನ ಕೆಲಸ ಮಾಡಿತ್ತು.

"ಇರೋದನ್ನೇ ತೋರ್ಸಮ್ಮ" ಎಂದರು ಕಾಳಯ್ಯ.

ಹಾಕಿದೆ. ಕೈ ಬಂತು. ಹಾಲು ನಿಧಾನಕ್ಕೆ ಇಳಿಯಿತು. ಮಂಜು ಬಂತು, ಸರಿಯಿತು. ಕಾಳಯ್ಯ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಇನ್ನೊಮ್ಮೆ ಹಾಕಿಸಿದರು. ಮೂರನೆಯ ಸಲಕ್ಕೆ ಅವರ ಬೆರಳು ಪರದೆಯ ಮೇಲೆ ಹೋಯಿತು.

"ಇಲ್ನೋಡಮ್ಮ. ಕೈ ನಡುಗ್ತಾ ಅದೆ. ಹಾಲು ಕಾಯಿ ಮ್ಯಾಲೆ ಬೀಳ್ದೆ ಇತ್ಲಾಗೆ ನನ್ ಮುಂಗೈ ಮ್ಯಾಲೆ ಬಿತ್ತು. ಬೆಚ್ಚಗಿತ್ತು, ನೆಪ್ಪದೆ ನಂಗೆ." ತಿರುಗಿ ನನ್ನನ್ನು ನೋಡಿದರು. "ಮನ್ಸು ತಡೀದೆ ನಡುಗೋದು ಅಲ್ವೇನವ್ವ ಇದು?"

ಬೆಳಗಿನಿಂದ ಆ ತುಣುಕನ್ನು ನಾನು ಮೂವತ್ತು ಸಲವಾದರೂ ನೋಡಿದ್ದೆ. ಕೈ ಕಾಯಿಯ ಹತ್ತಿರ ಬರುವುದಕ್ಕೆ ಮೊದಲಿನಿಂದಲೂ, ಚೌಕಟ್ಟಿನ ಅಂಚಿಗೆ ಬಂದಾಗಿನಿಂದಲೂ ಹಾಗೆಯೇ ನಡುಗುತ್ತಿತ್ತು. ಎಪ್ಪತ್ತೊಂದು ವರ್ಷದವರ ಕೈ, ತುಂಬಿದ ಚೆಂಬು. ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ತೋರಿಸಿದರೆ ನನ್ನ ಕೈಯೂ ನಡುಗಿದಂತೆ ಕಾಣುತ್ತದೆ.

"ಹೌದು ಕಾಳಯ್ಯಣ್ಣ" ಎಂದೆ. "ಮನಸ್ಸು ತಡೀದೇನೇ."

ದೇವರಾಜಣ್ಣ ನನ್ನ ಮುಖ ನೋಡಲಿಲ್ಲ. ಕಾಳಯ್ಯ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಹಾಕವ್ವ" ಎಂದರು. ಹಾಕಿದೆ.